ವೇಷ ಕಟ್ಟುವ ಕಾಯಕ

ಹಿರಿಯೂರು ಭಾಗದ ಗೃಹಸ್ಥರೊಬ್ಬರು ತಮ್ಮ ಮನೆಯ ಸಂಗತಿಯೊಂದನ್ನು ಮುಂದಿಟ್ಟು ಸಲಹೆ ಕೇಳಿದ್ದಾರೆ. ಪದವಿ ಮುಗಿಸಿದ ಮಗಳು ನಾಟಕ ಹಾಗೂ ಚಲನಚಿತ್ರಗಳ ವಸ್ತ್ರವಿನ್ಯಾಸವನ್ನೇ ಜೀವನೋಪಾಯವಾಗಿ ಆರಿಸಿಕೊಳ್ಳುವೆನೆಂದು ಹಟ ಹಿಡಿದಿದ್ದಾಳೆ. ಓದಿದ ಹುಡುಗಿ ಬಟ್ಟೆ ಹೊಲಿಯುವುದೇ ಎಂದು ಅಜ್ಜಿಗೆ ಬೇಸರ. ಬಣ್ಣದ ಲೋಕವೆಂದು ತಾಯಿಗೆ ಭಯ. ತಿಂಗಳ ಸಂಬಳವಿಲ್ಲವೆಂದು ತಂದೆಗೆ ಚಿಂತೆ. ಇಂತಹ ಪ್ರಶ್ನೆ ಇಂದು ಅನೇಕ ಮನೆಗಳಲ್ಲಿ ಏಳುತ್ತಿರುವುದರಿಂದ ಈ ಮೂರು ಮಾತುಗಳನ್ನೂ ಒಂದೊಂದಾಗಿ ವಿಚಾರಿಸುವುದು ಯುಕ್ತ.

ಮೊದಲು ಅಜ್ಜಿಯ ಮಾತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದರು. ನಾನಾ ವೇಷಗಳನ್ನು ಧರಿಸಿ ಜನರ ಮುಂದೆ ಆಡುವುದನ್ನೇ ಕಾಯಕ ಮಾಡಿಕೊಂಡ ಬಹುರೂಪಿ ಚೌಡಯ್ಯನವರಿದ್ದರು. ಸೂಜಿಯನ್ನೂ ವೇಷವನ್ನೂ ಕೀಳೆಂದು ಕಾಣದ ಪರಂಪರೆ ನಮ್ಮದು. ಈ ಹೆಣ್ಣುಮಗು ಹಿಡಿಯಬಯಸುವ ದಾರಿಯಲ್ಲಿ ಆ ಎರಡೂ ಕಾಯಕಗಳು ಕೂಡುತ್ತವೆ.

ಅಷ್ಟೇ ಅಲ್ಲ, ಇದು ಬರಿಯ ಹೊಲಿಗೆಯ ಕೆಲಸವೂ ಅಲ್ಲ. ವಸ್ತ್ರವಿನ್ಯಾಸಕಿಯು ಮೊದಲು ನಾಟಕವನ್ನು ಮತ್ತೆ ಮತ್ತೆ ಓದಬೇಕು. ಯಾವ ಕಾಲ, ಯಾವ ಸೀಮೆ, ಯಾವ ವೃತ್ತಿ, ಎಷ್ಟು ಬಡತನ ಎಂಬುದನ್ನು ತಿಳಿದು, ಯಾವ ಪಾತ್ರಕ್ಕೆ ಯಾವ ದೃಶ್ಯದಲ್ಲಿ ಏನು ಉಡುಪು ಎಂಬ ಪಟ್ಟಿಯನ್ನು ಮಾಡಬೇಕು. ಅರಿವೆ ದೀಪದ ಬೆಳಕಿನಲ್ಲಿ ಹೇಗೆ ಕಾಣುವುದು, ನಟನು ಕುಣಿದರೆ ಹರಿಯುವುದೇ, ಎರಡು ನಿಮಿಷದಲ್ಲಿ ಬದಲಿಸಲು ಬರುವುದೇ ಎಂದು ನೋಡಬೇಕು. ಚಲನಚಿತ್ರದ ತೊಡಕು ಬೇರೆ. ಅಲ್ಲಿ ದೃಶ್ಯಗಳನ್ನು ಕಥೆಯ ಕ್ರಮದಲ್ಲಿ ಚಿತ್ರಿಸುವುದಿಲ್ಲ. ಇಂದು ಅಂಗಿಯ ಮೇಲಿದ್ದ ಕಲೆಯು ತಿಂಗಳ ಬಳಿಕವೂ ಅದೇ ಸ್ಥಳದಲ್ಲಿ ಇರಬೇಕು. ರಂಗದ ಮೇಲೆ ದೂರದಿಂದ ಕಾಣದ ಹೊಲಿಗೆಯ ತಪ್ಪು ಕ್ಯಾಮೆರಾದ ಕಣ್ಣಿಗೆ ಹತ್ತಿರದಿಂದ ಬೀಳುತ್ತದೆ. ಇಷ್ಟಕ್ಕೆಲ್ಲ ಓದು ಬೇಡವೆಂದು ಯಾರು ಹೇಳಬಲ್ಲರು?

ಉಡುಪು ಒಂದು ಬಾಳಿನ ಮಾರ್ಪಾಡನ್ನೇ ಹೇಳಬಲ್ಲದು. 1982ರ 'ಗಾಂಧಿ' ಚಿತ್ರವನ್ನು ನೆನೆಯಿರಿ. ಸೂಟು ತೊಟ್ಟ ಬ್ಯಾರಿಸ್ಟರು ತುಂಡು ಪಂಚೆಯ ಮಹಾತ್ಮನಾಗುವ ಬಗೆ ಮಾತಿಗಿಂತ ಮೊದಲು ಬಟ್ಟೆಯಲ್ಲಿಯೇ ನಮಗೆ ತಿಳಿಯುತ್ತದೆ. ಆ ಚಿತ್ರದ ವಸ್ತ್ರವಿನ್ಯಾಸಕ್ಕಾಗಿ 1983ರಲ್ಲಿ ಜಾನ್ ಮೊಲ್ಲೊ ಅವರೊಡನೆ ಆಸ್ಕರ್ ಪ್ರಶಸ್ತಿಯನ್ನು ಪಡೆದ ಭಾನು ಅಥಯ್ಯಾ ನಮ್ಮ ಗಡಿಗೆ ಹೊಂದಿದ ಕೊಲ್ಹಾಪುರದಲ್ಲಿ ಹುಟ್ಟಿದವರು. ಆಸ್ಕರ್ ಪಡೆದ ಮೊದಲ ಭಾರತೀಯರು ಅವರೇ.

ಇನ್ನು ತಾಯಿಯ ಭಯ. ಅದನ್ನು ಹಗುರವಾಗಿ ಕಾಣಲಾಗದು. ರಾತ್ರಿಯ ಕೆಲಸ, ಊರೂರಿನ ತಿರುಗಾಟ ಈ ವೃತ್ತಿಯಲ್ಲಿ ತಪ್ಪದು. ಆದರೆ ಈ ಹಾದಿಯಲ್ಲಿ ಗೌರವದಿಂದ ನಡೆದ ಹೆಣ್ಣುಮಕ್ಕಳು ಕನ್ನಡದಲ್ಲಿಯೇ ಇದ್ದಾರೆ. ಪ್ರೇಮಾ ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಅನೇಕ ನಾಟಕಗಳಿಗೆ ಉಡುಪು ರೂಪಿಸಿದರು. ನಮ್ಮ ಚಿತ್ರದುರ್ಗದ ಹಿನ್ನೆಲೆಯ ತ.ರಾ.ಸು. ಅವರ ಕಾದಂಬರಿ 'ಹಂಸಗೀತೆ'ಯನ್ನು ಜಿ.ವಿ. ಅಯ್ಯರ್ 1975ರಲ್ಲಿ ಚಿತ್ರವಾಗಿಸಿದಾಗ ಅದರ ವಸ್ತ್ರವಿನ್ಯಾಸ ಅವರದೇ. ಮುಂದೆ ಅವರು 'ಫಣಿಯಮ್ಮ' ಚಿತ್ರದ ನಿರ್ದೇಶಕಿಯೂ ಆದರು. ನಟಿ ವೈಶಾಲಿ ಕಾಸರವಳ್ಳಿಯವರು 1997ರ 'ತಾಯಿಸಾಹೇಬ' ಚಿತ್ರದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಇವರಿಬ್ಬರೂ ಇಂದು ನಮ್ಮೊಡನಿಲ್ಲ. ಅವರು ಸವೆಸಿದ ದಾರಿ ಉಳಿದಿದೆ.

ದೂರವೇಕೆ? ನಮ್ಮ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಮಠದ ನೆರಳಿನಲ್ಲಿಯೇ ರಂಗಭೂಮಿ ಬೆಳೆದಿದೆ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳ ನೇತೃತ್ವದಲ್ಲಿ 1997ರಲ್ಲಿ ಆರಂಭವಾದ 'ಶಿವಸಂಚಾರ' ತಂಡವು ನಾಟಕಗಳನ್ನು ಹೊತ್ತು ನಾಡೆಲ್ಲ ಸಂಚರಿಸುತ್ತ ಬಂದಿದೆ. 2008ರಿಂದ ಅಲ್ಲಿ ರಂಗಶಾಲೆಯೂ ಇದೆ. ಇಂತಹ ಸಂಚಾರಿ ತಂಡದಲ್ಲಿ ನಾಟಕದ ಬಟ್ಟೆಯನ್ನು ಒಗೆದು, ಒಣಗಿಸಿ, ಹರಿದುದನ್ನು ಹೊಲಿದು, ಎಣಿಸಿ ಪೆಟ್ಟಿಗೆಗೆ ತುಂಬುವುದೂ ವಿದ್ಯೆಯೇ. ತಾಯಿಯು ಮಗಳೊಡನೆ ಒಮ್ಮೆ ನಾಟಕ ನೋಡಿಬರಲಿ. ಕಣ್ಣಾರೆ ಕಂಡ ಮೇಲೆ ಭಯವೆಷ್ಟು ನಿಜ, ಎಷ್ಟು ಊಹೆ ಎಂಬುದು ತಿಳಿಯುವುದು.

ತಂದೆಯ ಚಿಂತೆಯೇ ಎಲ್ಲಕ್ಕಿಂತ ಗಟ್ಟಿಯಾದುದು. ಈ ಕೆಲಸಕ್ಕೆ ಹಣ ಬರುವುದು ಒಂದೊಂದು ನಾಟಕಕ್ಕೆ, ಒಂದೊಂದು ಚಿತ್ರಕ್ಕೆ. ನಡುವೆ ಬರಿಗೈಯ ತಿಂಗಳುಗಳು ಇದ್ದೇ ಇರುತ್ತವೆ. ನಟರ ಹೆಸರು ಜನರ ಬಾಯಲ್ಲಿ ಉಳಿದರೆ ಉಡುಪು ಕಟ್ಟಿದವರ ಹೆಸರು ತೆರೆಯ ಮೇಲೆ ಕ್ಷಣಮಾತ್ರ ಮೂಡಿ ಮರೆಯಾಗುತ್ತದೆ. ಹೆಸರಿನ ಆಸೆಯಿಂದ ಹೊರಟವಳು ಬೇಗ ಬಳಲುವಳು. ಆದ್ದರಿಂದ ಹೌದು, ಅಲ್ಲ ಎಂದು ಹೇಳುವ ಮೊದಲು ಮಗಳಿಗೆ ಒಂದು ವರ್ಷದ ಅವಧಿ ಕೊಡಿರಿ. ಆ ವರ್ಷದಲ್ಲಿ ಆಕೆ ಅಳತೆ, ಕತ್ತರಿ, ಹೊಲಿಗೆಗಳನ್ನು ನುರಿತ ದರ್ಜಿಯ ಬಳಿ ಕಲಿಯಲಿ; ರಂಗದ ಕೆಲಸವಿಲ್ಲದ ತಿಂಗಳಲ್ಲಿ ಆ ಕೈಕಸುಬೇ ಅನ್ನ ಕೊಡುವುದು. ಮೊಳಕಾಲ್ಮೂರಿನ ರೇಷ್ಮೆಮಗ್ಗಗಳನ್ನೂ ಚಳ್ಳಕೆರೆ ಸೀಮೆಯ ಕಂಬಳಿಯನ್ನೂ ಹೋಗಿ ನೋಡಲಿ. ಊರ ಜಾತ್ರೆಯ ಪೌರಾಣಿಕ ನಾಟಕಕ್ಕೆ ಬಾಡಿಗೆಯ ಡ್ರೆಸ್ಸು ತರುವವರ ಕೆಲಸವನ್ನು ಹತ್ತಿರದಿಂದ ಗಮನಿಸಲಿ. ಶಾಲೆಯ ವಾರ್ಷಿಕೋತ್ಸವದ ನಾಟಕವೊಂದಕ್ಕೆ ತಾನೇ ಉಡುಪು ಮಾಡಿ, ಕಾಸುಕಾಸಿನ ಲೆಕ್ಕವನ್ನು ತಂದೆಯ ಮುಂದಿಡಲಿ.

ವರ್ಷ ಕಳೆದ ಮೇಲೂ ಉತ್ಸಾಹ ಬತ್ತದಿದ್ದರೆ ಹೆಗ್ಗೋಡಿನ ನೀನಾಸಂ ಇದೆ, ಸಾಣೇಹಳ್ಳಿಯ ರಂಗಶಾಲೆಯಿದೆ, ದೆಹಲಿಯ ನಾಟಕ ಶಾಲೆಯಿದೆ. ಬೆಂಗಳೂರಿನಲ್ಲಿ 1997ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯೂ ಇದೆ. ಆಗ ತಡೆಯುವುದು ತರವಲ್ಲ. ಉತ್ಸಾಹ ಬತ್ತಿದರೂ ನಷ್ಟವಿಲ್ಲ. ಕಲಿತ ಕಸುಬು ಕೈಯಲ್ಲಿ ಉಳಿಯುತ್ತದೆ. ಮಕ್ಕಳ ಆಸೆಯನ್ನು ಒಪ್ಪುವುದಕ್ಕೂ ಒಲ್ಲೆನೆನ್ನುವುದಕ್ಕೂ ಮೊದಲು ಅದನ್ನು ದುಡಿಮೆಯ ಒರೆಗೆ ಹಚ್ಚಿ ನೋಡುವುದು ಹಿರಿಯರ ಧರ್ಮ. ಆ ಒರೆಗೆ ನಿಂತದ್ದು ಕಾಯಕ. ನಿಲ್ಲದ್ದು ಬರಿಯ ವೇಷ.