ಬಿಸಿಲಿನ ಪರೀಕ್ಷೆ

ಹುಬ್ಬಳ್ಳಿಯ ಬೆಂಗೇರಿ ಎಂದೊಡನೆ ನೆನಪಾಗುವುದು ರಾಷ್ಟ್ರಧ್ವಜ. 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಅಲ್ಲಿ ಹೊಲಿಯುವ ಖಾದಿಯ ಧ್ವಜವು ಐ.ಎಸ್. 1 ಎಂಬ ಮಾನಕಕ್ಕೆ ಒಳಪಟ್ಟುದು. ಬಟ್ಟೆಯ ಗಟ್ಟಿತನ, ಬಿಸಿಲು ಮತ್ತು ಒಗೆತಗಳಿಗೆ ಬಣ್ಣವು ತಾಳುವ ಶಕ್ತಿ, ಹೊಲಿಗೆ, ಇವೆಲ್ಲಕ್ಕೂ ಅಲ್ಲಿ ಅಳತೆಯುಂಟು. ಗಾಳಿಯಲ್ಲಿ ಹಾರಾಡುವ ಒಂದು ತುಂಡು ಅರಿವೆಗೆ ಇಷ್ಟು ಪರೀಕ್ಷೆಯಿರುವಾಗ, ಬಡವನ ತಲೆಯ ಮೇಲಿನ ಚಾವಣಿಗೆ ಎಷ್ಟಿರಬೇಕು?

ಈ ಪ್ರಶ್ನೆಗೆ ಕಾರಣವಿದೆ. ಹಾಲು, ಹಣ್ಣಿನ ರಸಗಳ ಕಾಗದದ ಡಬ್ಬಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಕಾಗದ. ಉಳಿದುದು ಪಾಲಿಥೀನ್ ಮತ್ತು ತೆಳುವಾದ ಅಲ್ಯುಮಿನಿಯಂ. ಕಾಗದವನ್ನು ತೊಳೆದು ತೆಗೆದ ಮೇಲೆ ಮಿಕ್ಕ ಪಾಲಿಥೀನ್-ಅಲ್ಯುಮಿನಿಯಂ ಮಿಶ್ರಣವನ್ನು ಕಾಯಿಸಿ, ಒತ್ತಿ, ಚಾವಣಿಯ ಹಾಳೆಗಳನ್ನು ಮಾಡುತ್ತಾರೆ. ಇಡಿಯ ಡಬ್ಬಿಯನ್ನೇ ಅರೆದು ಒತ್ತಿದ ಹಲಗೆಗಳಿಂದ ಶಾಲೆಯ ಬೆಂಚುಗಳೂ ಆಗುತ್ತವೆ. ಕಸದ ರಾಶಿ ಕರಗುತ್ತದೆ. ಉದ್ಯಮವು ಮೆಚ್ಚತಕ್ಕದ್ದೇ ಸರಿ.

ಆದರೆ ಬಿಸಿಲಿಗೆ ಸದುದ್ದೇಶದ ಪರಿವೆಯಿಲ್ಲ. ಸೂರ್ಯನ ಅತಿನೇರಳೆ ಕಿರಣಗಳು ಪಾಲಿಥೀನಿನ ಉದ್ದನೆಯ ಅಣುಸರಪಳಿಗಳನ್ನು ಕತ್ತರಿಸುತ್ತವೆ. ಮೊದಲು ಮೇಲ್ಮೈಯ ಹೊಳಪು ಹೋಗುತ್ತದೆ. ಅನಂತರ ಕೂದಲೆಳೆಯ ಬಿರುಕು. ಕೊನೆಗೆ ಕೈಗೆ ಹತ್ತುವ ಪುಡಿ. ಕಾಡಿಗೆಯಂಥ ಕರಿಯ ಇಂಗಾಲವನ್ನೋ ಬೇರೆ ರಕ್ಷಕ ದ್ರವ್ಯಗಳನ್ನೋ ಬೆರಸಿದರೆ ಈ ಕ್ಷಯವು ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಹಾಲಿನ ಡಬ್ಬಿಗೆ ಅಂಥ ರಕ್ಷೆಯೇಕೆ ಬೇಕು? ಅದರ ಆಯುಸ್ಸೇ ಕೆಲವು ತಿಂಗಳು. ಅದನ್ನೇ ವರ್ಷಗಟ್ಟಲೆ ಬಾಳಬೇಕಾದ ಮಾಡಾಗಿಸಿದಾಗ ಮಾತ್ರ ಕೊರತೆ ತಲೆದೋರುತ್ತದೆ.

ಮಿಶ್ರವಸ್ತುವಿಗೆ ಇನ್ನೊಂದು ಕಷ್ಟ, ಒಳಜಗಳದ್ದು. ಕಾವಿಗೆ ಪಾಲಿಥೀನ್ ಅಲ್ಯುಮಿನಿಯಂಗಿಂತ ಹಲವು ಪಾಲು ಹೆಚ್ಚು ಹಿಗ್ಗುತ್ತದೆ. ಕಾಗದದ ನಾರು ಉಳಿದಿದ್ದರೆ ಅದು ನೀರನ್ನು ಹೀರಿ ಉಬ್ಬುತ್ತದೆ. ನಮ್ಮ ಚೈತ್ರ-ವೈಶಾಖಗಳ ಉರಿಬಿಸಿಲು, ಅದರ ಬೆನ್ನಿಗೇ ಮುಂಗಾರು. ಹಿಗ್ಗಿ ಕುಗ್ಗುವ ಈ ಆಟದಲ್ಲಿ ಪದರಗಳ ಬೆಸುಗೆ ಸಡಿಲುತ್ತದೆ. ಮೊದಲ ಬಿರುಕು ಮೊಳೆ ಹೊಡೆದ ತೂತಿನಲ್ಲೋ ಕತ್ತರಿಸಿದ ಅಂಚಿನಲ್ಲೋ ಕಾಣುವುದು ಹೆಚ್ಚು.

2021ರ ಡಿಸೆಂಬರಿನ ತಿದ್ದುಪಡಿಯಿಂದ ಪಾಲಿಯೆಸ್ಟರ್ ಧ್ವಜಗಳಿಗೂ ಅನುಮತಿ ದೊರೆತು ಬೆಂಗೇರಿಯ ಖಾದಿಗೆ ಪೈಪೋಟಿ ಬಂದಿದೆ. ಆ ಚರ್ಚೆ ಬೇರೆ. ಇಲ್ಲಿ ಗಮನಿಸಬೇಕಾದುದು ಇಷ್ಟೆ: ಹಾಳಾದ ಧ್ವಜವನ್ನು ಏಕಾಂತದಲ್ಲಿ, ಮೇಲಾಗಿ ಸುಟ್ಟು, ಗೌರವದಿಂದ ವಿಸರ್ಜಿಸಬೇಕೆಂದು ಧ್ವಜಸಂಹಿತೆ ಹೇಳುತ್ತದೆ. ಅರಳೆಯ ಬಟ್ಟೆ ಬೂದಿಯಾಗುತ್ತದೆ. ಜೀರ್ಣವಾದ ಪ್ಲಾಸ್ಟಿಕ್ ಹಾಳೆಯನ್ನು ಹಾಗೆ ಸುಡಲಾಗದು. ಸುಟ್ಟರೆ ವಿಷದ ಹೊಗೆ, ಬಿಟ್ಟರೆ ಹೊಲದ ಮಣ್ಣಿಗೆ ಸೂಕ್ಷ್ಮ ಕಣಗಳು.

ಆದುದರಿಂದ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಇಂಥ ಹಲಗೆಗಳು ಸದ್ಯಕ್ಕೆ ಮನೆಯೊಳಗಿನ ಬೆಂಚು, ಕಪಾಟುಗಳಾಗಲಿ. ಹೊರಗೆ ಬಳಸುವುದಾದರೆ ಕೃತಕ ಬಿಸಿಲು-ಮಳೆಯ ಯಂತ್ರದಲ್ಲಿಯೂ ನಮ್ಮ ಬಯಲಿನಲ್ಲಿಯೂ ಪರೀಕ್ಷೆಯಾಗಲಿ. ಎಷ್ಟು ವರ್ಷ ತಾಳುತ್ತದೆ, ಹಳೆಯದಾದ ಹಾಳೆಯನ್ನು ಮರಳಿ ಯಾರು ಒಯ್ಯುತ್ತಾರೆ ಎಂಬ ಎರಡು ಸಂಗತಿಗಳನ್ನು ಮಾರುವವರು ರಸೀತಿಯ ಮೇಲೆಯೇ ಕನ್ನಡದಲ್ಲಿ ಬರೆದುಕೊಡಲಿ.