ಕಿಡಿ ಹಾರಿಸುವ ಕೈಗೂ ಪ್ರಸಾದದ ಪಂಕ್ತಿಯಲ್ಲಿ ಜಾಗವಿರಲಿ

ಭರತ ಹುಣ್ಣಿಮೆ ಸಮೀಪಿಸಿತೆಂದರೆ ಧಾರವಾಡ, ಬೆಳಗಾವಿ ಸೀಮೆಯ ಚಕ್ಕಡಿಗಳು ಹಳಿಯಾಳ, ದಾಂಡೇಲಿಗಳನ್ನು ದಾಟಿ ಜೋಯಿಡಾ ತಾಲ್ಲೂಕಿನ ಉಳವಿಯ ಕಡೆಗೆ ಸಾಲುಗಟ್ಟುತ್ತವೆ. ಕಲ್ಯಾಣದ ಕ್ರಾಂತಿಯ ನಂತರ ಶರಣರ ಸಮೂಹವನ್ನೂ ವಚನದ ಕಟ್ಟುಗಳನ್ನೂ ಕಾಪಾಡುತ್ತ ಬಂದ ಅವಿರಳಜ್ಞಾನಿ ಚೆನ್ನಬಸವಣ್ಣನವರು ಐಕ್ಯರಾದ ನೆಲವದು. ದಾರಿಯುದ್ದಕ್ಕೂ ಭಜನೆ, ದಾಸೋಹ, ಹರಹರ ಎನ್ನುವ ಘೋಷ.

ಒಂದು ವರ್ಷ ಈ ದಾರಿಯಲ್ಲಿ ಕಂಡ ಸಣ್ಣ ಸಂಗತಿಯೊಂದನ್ನು ಓದುಗರ ಮುಂದಿಡಬೇಕೆನಿಸಿದೆ. ದಾಂಡೇಲಿಯ ಸಮೀಪ ಚಕ್ಕಡಿಯೊಂದರ ಕಬ್ಬಿಣದ ಅಚ್ಚು ಬಿರುಕು ಬಿಟ್ಟಿತ್ತು. ರಸ್ತೆ ಬದಿಯ ವೆಲ್ಡಿಂಗ್ ಅಂಗಡಿಯ ಹುಡುಗನೊಬ್ಬ ಬಂದ. ಬಿರುಕಿನ ಮೇಲೆ ಸುಮ್ಮನೆ ಬೆಸುಗೆ ಬಳಿಯಲಿಲ್ಲ. ಮೊದಲು ಗ್ರೈಂಡರ್ ಹಿಡಿದು ಬಿರುಕನ್ನು ಬುಡದವರೆಗೆ ಕೊರೆದು ತೆರೆದ, ಆಮೇಲೆ ಪದರ ಪದರವಾಗಿ ತುಂಬಿ, ಪ್ರತಿ ಪದರದ ಕಿಟ್ಟವನ್ನು ಬಡಿದು ತೆಗೆದು, ಕೊನೆಗೆ ಉಜ್ಜಿ ಸಮ ಮಾಡಿದ. ಉಳವಿಗೆ ಹೋಗುವವರಿಂದ ಹಣ ಪಡೆಯುವುದಿಲ್ಲ ಎಂದ. ಹಿರಿಯರು ಸಂತೋಷಪಟ್ಟು ಪ್ರಸಾದಕ್ಕೆ ಕೂರಿಸಿದರು. ಕೂತ ಕೂಡಲೇ ಒಬ್ಬರು ಕೇಳಿದ್ದು ಒಂದೇ ಪ್ರಶ್ನೆ: "ನೀವು ಯಾವ ಪೈಕಿ?" ಯಾವುದನ್ನು ಕೇಳಬೇಡಿರೆಂದು ಬಸವಣ್ಣನವರು ನಮಗೆ ಕಲಿಸಿದರೋ ಅದೇ ಪ್ರಶ್ನೆ. ಹುಡುಗ ಅಂಗಡಿಯಲ್ಲಿ ಕೆಲಸವಿದೆ ಎಂದು ಹೇಳಿ ಎದ್ದು ಹೋದ.

ಹೋಗುವಾಗ ಅವನ ಜೊತೆ ನಾಲ್ಕು ಹೆಜ್ಜೆ ನಡೆದು ಮಾತಾಡಿಸಿದೆವು. ಅವನ ಕಣ್ಣುಗಳು ಕೆಂಪಗಿದ್ದವು. ಐಟಿಐ ಸೇರಿದ್ದನಂತೆ. ಊರು ಜೋಯಿಡಾದ ಕಾಡಿನೊಳಗೆ. ಬೆಳಗಿನ ಬಸ್ಸು ತಪ್ಪಿದರೆ ಆ ದಿನದ ಪಾಠವೇ ಇಲ್ಲ. ಪೇಟೆಯಲ್ಲಿ ಕೋಣೆ ಹಿಡಿಯಲು ಮನೆಯಲ್ಲಿ ದುಡ್ಡಿರಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಬಿಟ್ಟ. ಉಳಿದದ್ದನ್ನು ಅಂಗಡಿಯಲ್ಲಿ ನಿಂತು ಕಲಿತ.

ಆ ಹುಡುಗ ನಮ್ಮ ಮುಂದೆ ಎರಡು ಪ್ರಶ್ನೆಗಳನ್ನು ಬಿಟ್ಟು ಹೋದ. ಒಂದು ಕೋಣೆಯ ಪ್ರಶ್ನೆ, ಇನ್ನೊಂದು ಪಂಕ್ತಿಯ ಪ್ರಶ್ನೆ. ಎರಡಕ್ಕೂ ಉತ್ತರ ಕೊಡುವ ಶಕ್ತಿ ನಮ್ಮ ಮಠಗಳಿಗಿದೆ. ಆದ್ದರಿಂದಲೇ ಈ ಮಾತು.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳಲ್ಲಿ ಕಬ್ಬಿಣದ ಕೆಲಸ ಬಲ್ಲವರಿಗೆ ಅನ್ನವಿಲ್ಲ ಎನ್ನುವಂತಿಲ್ಲ. 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯಂಥ ಕಡೆ ಬಾಯ್ಲರು, ಉಗಿಯ ಕೊಳವೆ, ಪಂಪು, ಉರುಳೆಗಳನ್ನು ಸುಸ್ಥಿತಿಯಲ್ಲಿ ಇಡುವವರು ನಿತ್ಯ ಬೇಕು. ಹಳಿಯಾಳದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಹಂಗಾಮು ಮುಗಿದ ಮೇಲೆ ದುರಸ್ತಿಯ ಹಂಗಾಮು ಬರುತ್ತದೆ. ಸವೆದ ಗಾಣದ ಉರುಳೆಗಳನ್ನು ದೊಡ್ಡ ಲೇತಿಗೆ ಏರಿಸಿ ಗಾಡಿ ತೋಡಬೇಕು. ಕಬ್ಬು ಜಾರದಂತೆ ಹಲ್ಲುಗಳ ಮೇಲೆ ವೆಲ್ಡಿಂಗಿನಿಂದ ಹನಿ ಹನಿಯಾಗಿ ಒರಟು ಮಾಡಬೇಕು. ಸೂಪಾ, ನಾಗಝರಿಗಳ ವಿದ್ಯುದಾಗಾರಗಳಲ್ಲಿ ಟರ್ಬೈನುಗಳಿವೆ. ಇವು ಬಿಟ್ಟರೂ ಟ್ರ್ಯಾಕ್ಟರು, ಟ್ರೇಲರು, ಭತ್ತದ ಯಂತ್ರ, ಮನೆಯ ಕಿಟಕಿ, ಕೊಟ್ಟಿಗೆಯ ತಗಡು ಎಲ್ಲ ಊರಿಗೂ ಇದ್ದೇ ಇವೆ.

ಆದರೆ ಇಂಥ ಕೆಲಸದಲ್ಲಿ ಮೇಲಿನ ಮೆಟ್ಟಿಲು ಬೇರೆ, ಕೆಳಗಿನ ಮೆಟ್ಟಿಲು ಬೇರೆ. ಉಗಿಯ ಒತ್ತಡ ತಡೆಯುವ ಕೊಳವೆಗೆ ಬೆಸುಗೆ ಹಾಕಬೇಕಾದರೆ ಭಾರತೀಯ ಬಾಯ್ಲರ್ ನಿಯಮಾವಳಿಯ ಪ್ರಕಾರ ಪರೀಕ್ಷೆ ಪಾಸಾದ ವೆಲ್ಡರನೇ ಆಗಬೇಕು. ಅವನು ಹಾಕಿದ ಬೆಸುಗೆಯನ್ನು ಕೊಯ್ದು, ಬಗ್ಗಿಸಿ, ಒಳಗೆ ಟೊಳ್ಳಿಲ್ಲವೆಂದು ನೋಡಿದ ಮೇಲೆಯೇ ಪ್ರಮಾಣಪತ್ರ. ಅಂಗಡಿಯಲ್ಲಿ ನಿಂತು ಕಲಿತವನ ಕೈ ಎಷ್ಟೇ ಚೆನ್ನಾಗಿರಲಿ, ಕಾಗದವಿಲ್ಲದ ಕಾರಣಕ್ಕೆ ಅವನು ಗುತ್ತಿಗೆದಾರನ ಹಿಂದೆ ಸಹಾಯಕನಾಗಿಯೇ ಉಳಿಯುತ್ತಾನೆ. ಮೇಲಿನ ಸಂಬಳ ಹೊರಗಿನಿಂದ ಬಂದವನಿಗೆ, ಸುಟ್ಟ ಕೈ ಇಲ್ಲಿಯವನಿಗೆ. ತರಬೇತಿ ಎಂದರೆ ಈ ಎರಡು ಮೆಟ್ಟಿಲುಗಳ ನಡುವಿನ ಏಣಿ.

ಆ ಏಣಿ ಇಲ್ಲವೆಂದಲ್ಲ. ಐಟಿಐಯ ವೆಲ್ಡರ್ ವೃತ್ತಿಗೆ 8ನೇ ತರಗತಿ ಪಾಸಾಗಿದ್ದರೆ ಸಾಕು, ಅವಧಿ 1 ವರ್ಷ. ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾಗಿ ಮೂಲೆ ಹಿಡಿದ ಮಗುವಿಗೂ ಆ ಬಾಗಿಲು ತೆರೆದಿದೆ ಎಂಬುದು ಎಷ್ಟು ತಂದೆ ತಾಯಿಗಳಿಗೆ ಗೊತ್ತು? ಫಿಟ್ಟರ್, ಟರ್ನರ್, ಮಷಿನಿಸ್ಟ್ ವೃತ್ತಿಗಳಿಗೆ ಎಸ್ಸೆಸ್ಸೆಲ್ಸಿ ಬೇಕು, ಅವಧಿ 2 ವರ್ಷ. ಅಲ್ಲಿಂದ ಮುಂದೆ ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾದಿಂದ ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಸೇರುವ ದಾರಿಯೂ ಇದೆ. ದಾಂಡೇಲಿಯಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ. 1972ರಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಈ ಸಂಸ್ಥೆಯ ಕೇಂದ್ರಗಳು ಇಂದು ನಾಡಿನ ಹಲವೆಡೆ ಇವೆ. ಬಸವಣ್ಣನವರ ಕೂಡಲಸಂಗಮದಲ್ಲಿಯೂ ಒಂದಿದೆ. ಎಸ್ಸೆಸ್ಸೆಲ್ಸಿಯ ನಂತರ ಇಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಓದಬಹುದು: 3 ವರ್ಷ ಪಾಠ, 1 ವರ್ಷ ಕಾರ್ಖಾನೆಯಲ್ಲಿ ದುಡಿಮೆಯ ಕಲಿಕೆ. ಹಳಿಯಾಳದಲ್ಲಿ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ ಅಲ್ಪಾವಧಿಯ ಸ್ವಉದ್ಯೋಗ ತರಬೇತಿ ಕೊಡುತ್ತದೆ. 2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿಸಿ ಹೊಸ ಯಂತ್ರಗಳನ್ನು ಇಳಿಸಲಾಯಿತು.

ಯಂತ್ರ ಬಂದಿದೆ, ಬಾಗಿಲು ತೆರೆದಿದೆ. ಆದರೆ ಮಗು ಬಾಗಿಲಿನವರೆಗೆ ಬರುವುದು ಹೇಗೆ? ಜೋಯಿಡಾ ತಾಲ್ಲೂಕು ಬಹುಪಾಲು ಕಾಡು. ಊರುಗಳು ಚದುರಿವೆ, ಬಸ್ಸುಗಳು ಕಡಿಮೆ. 2023ರ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚಿಲ್ಲ, ನಿಜ. ಆದರೆ ಬಸ್ಸೇ ಬಾರದ ಊರಿಗೆ ಉಚಿತ ಟಿಕೆಟ್ಟು ಏನು ಮಾಡೀತು? ಆರ್‌ಸೆಟಿಯವರು ಇದನ್ನು ಅರಿತೇ ತರಬೇತಿಯ ಜೊತೆ ಊಟ ವಸತಿಯನ್ನೂ ಉಚಿತವಾಗಿ ಇಟ್ಟಿದ್ದಾರೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳ ಮತ್ತು ಬ್ಯಾಂಕುಗಳು ಸೇರಿ ಆರಂಭಿಸಿದ ರುಡ್‌ಸೆಟಿಯಿಂದ ಬಂದ ಕ್ರಮವದು. ಹಸಿದ ಮಗುವಿಗೆ, ಮಲಗಲು ಜಾಗವಿಲ್ಲದ ಮಗುವಿಗೆ ವಿದ್ಯೆ ಹತ್ತುವುದಿಲ್ಲ ಎಂಬ ತಿಳಿವಳಿಕೆ ಆ ಕ್ರಮದ ಹಿಂದಿದೆ.

ಇದು ಇತರರಿಂದ ನಾವು ಕಲಿಯಬೇಕಾದ ಪಾಠವೇ ಅಲ್ಲ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಉಚಿತ ಪ್ರಸಾದ ನಿಲಯ ನಡೆಸಿದರು. ಸಿದ್ಧಗಂಗೆಯಲ್ಲಿ ಡಾ. ಶಿವಕುಮಾರ ಸ್ವಾಮಿಗಳು ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ನೀಡಿದರು. ಕಂತಿ ಭಿಕ್ಷೆಯ ಜೋಳ, ಭಕ್ತರ ಮುಷ್ಟಿ ಅಕ್ಕಿಯಿಂದ ಬೆಳೆದ ನಿಲಯಗಳಲ್ಲಿ ಉಂಡವರು ಶಿಕ್ಷಕರಾದರು, ವಕೀಲರಾದರು, ಅಧಿಕಾರಿಗಳಾದರು. ಆ ತಲೆಮಾರಿಗೆ ಆ ವಿದ್ಯೆ ಬೇಕಿತ್ತು. ಆದರೆ ಇಂದಿಗೂ ಎಷ್ಟೋ ಪ್ರಸಾದ ನಿಲಯಗಳ ಅರ್ಜಿಯಲ್ಲಿ ಹೈಸ್ಕೂಲು, ಪಿಯುಸಿ, ಪದವಿ ಎಂಬ ಕಲಮುಗಳಿರುತ್ತವೆಯೇ ಹೊರತು ಐಟಿಐ ಎಂಬ ಕಲಮು ಇರುವುದಿಲ್ಲ. ಕಾಯಕದ ಧರ್ಮದ ಮನೆಯಲ್ಲಿ ಕೈಕೆಲಸ ಕಲಿಯುವ ಮಗುವಿಗೆ ಕಲಮು ಇಲ್ಲ! ಬೇರೆ ಯಾರೂ ನಮ್ಮನ್ನು ಇದಕ್ಕಿಂತ ಕಟುವಾಗಿ ಟೀಕಿಸಲಾರರು.

ಇಲ್ಲಿ ನಮ್ಮ ಒಳಗಿನ ರೋಗವನ್ನೂ ಹೇಳಿಬಿಡುವುದು ಒಳ್ಳೆಯದು. ಬಸವ ಜಯಂತಿಯ ವೇದಿಕೆಯಲ್ಲಿ ಮಾದಾರ ಚೆನ್ನಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಬಾಚಿಕಾಯಕದ ಬಸವಯ್ಯನವರ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸುತ್ತೇವೆ. ಕೆಳಗಿಳಿದ ಮೇಲೆ ಮಗನಿಗೆ ಇಂಜಿನಿಯರಿಂಗ್ ಸೀಟು ಹುಡುಕುತ್ತೇವೆ. ಐಟಿಐ ಎಂದರೆ "ಓದಿನಲ್ಲಿ ಹಿಂದೆ ಬಿದ್ದವರಿಗೆ" ಎನ್ನುತ್ತೇವೆ. ವರನ ಕೆಲಸ ವೆಲ್ಡಿಂಗ್ ಎಂದು ಕೇಳಿದರೆ ಹೆಣ್ಣಿನ ಮನೆಯವರು ಮಾತು ಬದಲಿಸುತ್ತಾರೆ. ಸಾಲ ಮಾಡಿ ಓದಿ, ಕೆಲಸ ಸಿಗದೆ ಮನೆಯಲ್ಲಿ ಕೂತ ಪದವೀಧರನಿಗೆ ಸಿಗುವ ಮರ್ಯಾದೆ, ದುಡಿದು ತಂಗಿಯ ಶಾಲೆಯ ಶುಲ್ಕ ಕಟ್ಟುವ ಟರ್ನರನಿಗೆ ಸಿಗುವುದಿಲ್ಲ.

ಇನ್ನೊಂದು ಅಪಾಯ ಇದಕ್ಕಿಂತ ಸೂಕ್ಷ್ಮವಾದದ್ದು. ಕೈಕೆಲಸ ಶ್ರೇಷ್ಠ ಎಂದು ಹೇಳುತ್ತಲೇ ಅದನ್ನು ಬಡವರ ಮಕ್ಕಳಿಗೆ ಮಾತ್ರ ಎತ್ತಿಡುವುದು. ಸಿದ್ದಿ, ಕುಣಬಿ, ಗೌಳಿ, ದಲಿತರ ಮಕ್ಕಳಿಗೆ ವೆಲ್ಡಿಂಗ್, ಗೌಡರ ಶೆಟ್ಟರ ಮಕ್ಕಳಿಗೆ ಡಾಕ್ಟರಿಕೆ ಎಂದರೆ ಅದು ಕಾಯಕವಲ್ಲ. ಹಳೆಯ ಜಾತಿಯ ಹೊಸ ಅಂಗಿ. ಶರಣರು ಕಸುಬನ್ನು ಹುಟ್ಟಿನಿಂದ ಬಿಡಿಸಿದರು. ಹುಟ್ಟಿದ ಮನೆ ಯಾವುದಾದರೂ ಆಗಲಿ, ಮಾಡುವ ಕಾಯಕವೂ ಅದನ್ನು ಮಾಡುವ ಮನಸ್ಸೂ ಶುದ್ಧವಿದ್ದರೆ ಅನುಭವ ಮಂಟಪದಲ್ಲಿ ಸಮಾನ ಆಸನ. ಸಿದ್ದಿ ಸಮಾಜದ ಮಗು ಡಾಕ್ಟರಾಗಬಯಸಿದರೆ ಅದಕ್ಕೂ ನಮ್ಮ ನಿಲಯದಲ್ಲಿ ಜಾಗವಿರಬೇಕು. ಮಠದ ಟ್ರಸ್ಟಿಯ ಮಗ ಲೇತಿನ ಮುಂದೆ ನಿಲ್ಲಬಯಸಿದರೆ ಅವನಪ್ಪ ಹೆಮ್ಮೆಪಡಬೇಕು. ಈ ಎರಡೂ ಆದ ದಿನ ನಾವು ಬಸವಾನುಯಾಯಿಗಳು ಎಂದು ಹೇಳಿಕೊಳ್ಳಬಹುದು.

ಲೇತಿನ ಮುಂದೆ ನಿಲ್ಲುವುದು ಸಣ್ಣ ಸಾಧನೆಯೂ ಅಲ್ಲ. ಮೈಕ್ರೊಮೀಟರ್ ಮಿಲಿಮೀಟರಿನ ನೂರನೇ ಒಂದು ಭಾಗದ ತಪ್ಪನ್ನೂ ಎತ್ತಿ ತೋರಿಸುತ್ತದೆ. ಅದರ ಮುಂದೆ ಜಾತಿ, ವಶೀಲಿ, ಮಾತಿನ ಚಾತುರ್ಯ ಯಾವುದೂ ನಡೆಯುವುದಿಲ್ಲ; ಅಳತೆ ಕೂಡಿದರೆ ಕೂಡಿತು, ಇಲ್ಲವಾದರೆ ಇಲ್ಲ. ವೆಲ್ಡರನೂ ಹಾಗೆಯೇ. ಮೇಲೆ ಹೊಳಪಿದ್ದು ಒಳಗೆ ಟೊಳ್ಳಿರುವ ಬೆಸುಗೆ ಒಂದಲ್ಲ ಒಂದು ದಿನ ಬಿಟ್ಟುಕೊಳ್ಳುತ್ತದೆ, ಬಿಟ್ಟುಕೊಂಡಾಗ ಯಾರದೋ ಜೀವ ಹೋಗುತ್ತದೆ. ಸತ್ಯಶುದ್ಧ ಕಾಯಕ ಎಂದರೇನು ಎಂದು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಉಂಟೇ?

ಕಾರ್ಖಾನೆಗಳನ್ನೇ ನಂಬಿ ಮಕ್ಕಳಿಗೆ ಈ ಕಸುಬು ಕಲಿಸುವುದು ಸರಿಯೇ ಎಂದು ಕೆಲವರು ಕೇಳಬಹುದು. ದಾಂಡೇಲಿಯಲ್ಲಿ ಫೆರೋ ಅಲಾಯ್ ಕಾರ್ಖಾನೆ ಮುಚ್ಚಿತು, ಪ್ಲೈವುಡ್ ಕಾರ್ಖಾನೆ ಮುಚ್ಚಿತು. ಆ ಸಂಕಟವನ್ನು ಊರು ಮರೆತಿಲ್ಲ. ಆದರೆ ಆ ಅನುಭವ ಹೇಳುವುದೇ ಬೇರೆ. ಕಾರ್ಖಾನೆಯ ಗೇಟು ಮುಚ್ಚಿದಾಗ ಹೊರೆ ಹೊರುವುದನ್ನು ಮಾತ್ರ ಬಲ್ಲವನು ಬೀದಿಗೆ ಬಿದ್ದ. ಕಸುಬು ಬಲ್ಲವನು ಹುಬ್ಬಳ್ಳಿ, ಬೆಳಗಾವಿಗೆ ಹೋಗಿಯೋ, ಊರಲ್ಲೇ ಅಂಗಡಿ ತೆರೆದೋ ಬದುಕಬಲ್ಲ. ಗೇಟು ಮಾಲೀಕನದು, ಕಸುಬು ಕೈಯದು.

ಆದ್ದರಿಂದ ಈ ನಾಲ್ಕು ತಾಲ್ಲೂಕುಗಳ ಸುತ್ತಲಿನ ಮಠಗಳಿಗೂ ಬಸವ ಬಳಗಗಳಿಗೂ ನಮ್ಮ ಕೋರಿಕೆ ಇದು.

ಮೊದಲನೆಯದು, ಪ್ರತಿ ಪ್ರಸಾದ ನಿಲಯದ ಅರ್ಜಿಯಲ್ಲಿ ಐಟಿಐ, ಟೂಲ್‌ರೂಮ್ ಮತ್ತು ಅಪ್ರೆಂಟಿಸ್ ಎಂಬ ಕಲಮು ಬರಲಿ. ನಿಲಯವಿಲ್ಲದ ಕಡೆ ಮಠದ ಖಾಲಿ ಕೋಣೆಗಳಲ್ಲಿ ಹತ್ತು ಮಕ್ಕಳಾದರೂ ಇರಲಿ. ಅದೇ ಅರ್ಜಿಯಲ್ಲಿ ಜಾತಿ, ಉಪಪಂಗಡದ ಕಲಮಿದ್ದರೆ ಹೊಡೆದು ಹಾಕಿ.

ಎರಡನೆಯದು, ದಾಸೋಹ ಅನ್ನಕ್ಕಷ್ಟೇ ನಿಲ್ಲದಿರಲಿ. ವೆಲ್ಡಿಂಗ್ ಬೆಳಕು ಬರಿಗಣ್ಣಿಗೆ ತಾಗಿದರೆ ರಾತ್ರಿ ಕಣ್ಣಿಗೆ ಮರಳು ಹಾಕಿದಂಥ ಉರಿ ಏಳುತ್ತದೆ. ಸತುವು ಬಳಿದ ತಗಡನ್ನು ಬೆಸೆಯುವಾಗಿನ ಹೊಗೆ ಜ್ವರ ತರುತ್ತದೆ. ತಲೆಗವಸು, ಚರ್ಮದ ಕೈಗವಸು, ಮುಂಗವಸು, ಗಟ್ಟಿ ಬೂಟು, ಒಂದು ವರ್ನಿಯರ್: ಇಷ್ಟನ್ನು ಒಬ್ಬ ವಿದ್ಯಾರ್ಥಿಗೆ ಕೊಡಿಸುವುದು ಒಂದು ದಿನದ ಹೂವಿನ ಅಲಂಕಾರದ ಖರ್ಚಿಗಿಂತ ದೊಡ್ಡದಲ್ಲ. ಕಡ್ಡಿ ಉರಿಸದೆ ಬೆಸುಗೆ ಬಾರದು. ಅಭ್ಯಾಸದ ಕಡ್ಡಿ, ತಗಡುಗಳಿಗೂ ಭಕ್ತರು ನೆರವಾಗಲಿ.

ಮೂರನೆಯದು, ನಮ್ಮವರೇ ನಡೆಸುವ ವರ್ಕ್‌ಶಾಪುಗಳು 1961ರ ಅಪ್ರೆಂಟಿಸ್ ಕಾಯ್ದೆಯಂತೆ ಮಕ್ಕಳನ್ನು ಸೇರಿಸಿಕೊಂಡು ಶಿಷ್ಯವೇತನ ಕೊಡಲಿ. 14 ವರ್ಷದೊಳಗಿನ ಮಗುವನ್ನು ಗ್ಯಾರೇಜಿಗೆ ಹಚ್ಚುವುದು ಅಪರಾಧ. ಅಂಥ ಅಂಗಡಿಯ ದೇಣಿಗೆಯನ್ನು ಮಠ ಮುಟ್ಟದಿರಲಿ.

ನಾಲ್ಕನೆಯದು, ಹೆಣ್ಣುಮಕ್ಕಳು. ಬೆಸುಗೆಗೆ ಬೇಕಾದದ್ದು ಸ್ಥಿರವಾದ ಕೈ ಮತ್ತು ತಾಳ್ಮೆ. ಕದಿರ ರೆಮ್ಮವ್ವೆಯ ಪರಂಪರೆಯವರು "ಇದು ಗಂಡಸರ ಕೆಲಸ" ಎಂದು ಹೇಳುವ ಹಾಗಿಲ್ಲ.

ಕೊನೆಯದು, ಉಳವಿಯ ಜಾತ್ರೆಯ ದಾರಿಯಲ್ಲಿ ಈ ಸಲ ದಾಸೋಹದ ಪೆಂಡಾಲಿನ ಪಕ್ಕ ಐಟಿಐ ಮಕ್ಕಳದೊಂದು ಚಕ್ಕಡಿ ದುರಸ್ತಿ ಪೆಂಡಾಲು ಹಾಕೋಣ. ದಾರಿಹೋಕರಿಗೆ ಸೇವೆ, ಮಕ್ಕಳಿಗೆ ಅಭ್ಯಾಸ, ತಂದೆ ತಾಯಿಗಳಿಗೆ ಪ್ರವೇಶದ ಮಾಹಿತಿ ಮೂರೂ ಒಂದೆಡೆ ಆದಾವು. ಕೆಲಸ ಮುಗಿಸಿದ ಮಕ್ಕಳನ್ನು ಪಂಕ್ತಿಯ ನಡುವೆ ಕೂರಿಸಿ ನಾವೇ ಬಡಿಸೋಣ. ಅವರನ್ನು ಏನಾದರೂ ಕೇಳಲೇಬೇಕೆನಿಸಿದರೆ, ಇನ್ನೊಂದು ರೊಟ್ಟಿ ಬೇಕೇ ಎಂದಷ್ಟೇ ಕೇಳೋಣ.