ಮಿಷನ್ ಕೊಟ್ಟ ಮೇಲೆ

ಶ್ರವಣ ಸಾಧನ ಹಂಚುವ ಶಿಬಿರಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಇನ್ನು ಮೇಲೆ ಈ ಮಕ್ಕಳು ಎಲ್ಲರಂತೆ ಕೇಳಿಸಿಕೊಳ್ಳುತ್ತಾರೆ." ಹಾರ, ಶಾಲು, ಫೋಟೊ ಮುಗಿದ ಮೇಲೆ ಆ ಮಕ್ಕಳು ಬರುವುದು ನಮ್ಮ ತರಗತಿಗೆ. ಆ ಮಾತಿನ ಟೊಳ್ಳು ತಿಳಿಯುವುದೂ ಅಲ್ಲೇ.

ಕನ್ನಡಕ ಹಾಕಿದರೆ ಅಕ್ಷರ ತಿಳಿಯಾದಂತೆ ಕಿವಿಗೆ ಮಿಷನ್ ಹಾಕಿದೊಡನೆ ಮಾತು ತಿಳಿಯಾಗುವುದಿಲ್ಲ. ಅದು ಸದ್ದನ್ನು ಹಿಗ್ಗಿಸುತ್ತದೆ. ನನ್ನ ಪಾಠವನ್ನೂ, ಬೆಂಚು ಎಳೆದಾಟವನ್ನೂ, ಪಕ್ಕದ ಕೋಣೆಯ ಮಗ್ಗಿಯನ್ನೂ, ತಗಡಿನ ಮೇಲಿನ ಮಳೆಯನ್ನೂ. ಈಗಿನ ಡಿಜಿಟಲ್ ಸಾಧನಗಳು ಗದ್ದಲವನ್ನು ಕೊಂಚ ತಗ್ಗಿಸುತ್ತವೆ, ನಿಜ. ಆದರೂ ನಾಲ್ಕಾರು ಅಡಿ ದಾಟಿದರೆ ಮಾತು ಗದ್ದಲದಲ್ಲಿ ಮುಳುಗುತ್ತದೆ. ಟೀಚರು ಬೋರ್ಡಿಗೆ ಮುಖ ಮಾಡಿ ಮಾತಾಡಿದರಂತೂ ತುಟಿಯ ಆಸರೆಯೂ ತಪ್ಪಿತು.

ಇನ್ನು ಮಿಷನ್ನಿನ ಸಂಸಾರ. ಗುಂಡಿಯಷ್ಟು ಸೆಲ್ಲು. ಮೇಲಿನ ಸ್ಟಿಕರ್ ಕಿತ್ತರೆ ಗಾಳಿ ಹೊಕ್ಕು ಕೆಲಸ ಶುರು. ಆಮೇಲೆ ಬಳಸದಿದ್ದರೂ ಸವೆಯುತ್ತದೆ. ದಿನವೂ ಹಾಕುವ ಮಗುವಿಗೆ ವಾರಕ್ಕೋ ಎರಡು ವಾರಕ್ಕೋ ಹೊಸದು ಬೇಕು, ಎರಡು ಕಿವಿಗೆ ಎರಡು. ಮಗು ಬೆಳೆದಂತೆ ಕಿವಿಯೂ ಬೆಳೆದು ಅಚ್ಚು ಸಡಿಲವಾಗುತ್ತದೆ. ಸಂದಿಯಿಂದ ಸದ್ದು ಸೋರಿ ಮಿಷನ್ ಕುಯ್ಯೆನ್ನುತ್ತದೆ, ತರಗತಿ ನಗುತ್ತದೆ, ಮಗು ಅದನ್ನು ಕಿತ್ತು ಚೀಲಕ್ಕೆ ತುರುಕುತ್ತದೆ. ಏಳನೆಯ ತರಗತಿಯ ಹುಡುಗಿಯೊಬ್ಬಳ ಮಿಷನ್ ಇಡೀ ಮಳೆಗಾಲ ಅಕ್ಕಿ ಡಬ್ಬಿಯಲ್ಲಿತ್ತು. ತೇವ ಹೀರಲಿ ಎಂದು ತಾಯಿ ಇಟ್ಟಿದ್ದು, ಸೆಲ್ಲಿಗೆ ಕಾಸಿಲ್ಲದೆ ಅಲ್ಲೇ ಉಳಿಯಿತು. "ಸರ್ಕಾರ ಕೊಟ್ಟರೂ ಹಾಕಿಸೋಲ್ಲ ನೀವು" ಎಂದು ಆಕೆಯನ್ನು ಗದರಿದ ಸಾಹೇಬರು ಸೆಲ್ಲಿನ ಬೆಲೆ ಕೇಳಲಿಲ್ಲ.

ವಿದ್ಯೆಗೆ ಕೊರತೆಯೆ? ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆ 1981ರದ್ದು. ಟೀಚರು ಕೊರಳಿಗೆ ಪುಟ್ಟ ಮೈಕು ಹಾಕಿಕೊಂಡರೆ ದನಿ ನೇರವಾಗಿ ಮಗುವಿನ ಕಿವಿಯ ಸಾಧನಕ್ಕೇ ಹೋಗುವ ಎಫ್‌ಎಂ ವ್ಯವಸ್ಥೆಯೂ ಹೊಸತಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲವನ್ನು ಶಾಲೆಯೇ ಒದಗಿಸಬೇಕು ಎನ್ನುತ್ತದೆ. ಒದಗಿಸಲು ಶಾಲೆಯ ಕೈಗೆ ದುಡ್ಡು ಕೊಡುವವರು ಯಾರು? ಸೀಮೆಸುಣ್ಣಕ್ಕೆ ಲೆಕ್ಕವಿದೆ, ಸೆಲ್ಲಿಗೂ ಒಂದು ಲೆಕ್ಕ ತೆರೆಯಲಿ. ವರ್ಷಕ್ಕೊಮ್ಮೆಯಾದರೂ ಅಚ್ಚು ನೋಡುವವರು ತಾಲ್ಲೂಕಿಗೆ ಬರಲಿ. ಮುಂದಿನ ಶಿಬಿರದ ಕರೆಯೋಲೆಯಲ್ಲಿ ಅತಿಥಿಗಳ ಹೆಸರಿನ ಜೊತೆಗೆ, ಮಿಷನ್ ಕೆಟ್ಟರೆ ಯಾವ ಊರಿಗೆ, ಯಾವ ವಾರ ಹೋಗಬೇಕು ಎಂಬುದನ್ನೂ ಬರೆದಿರಲಿ.